ಹಾಡು ಪರರದು, ಅಡಿಗಲ್ಲು ತಮ್ಮದು: ‘ದಿ ಕೆ ಅಂಡ್ ಡಿ ಸೆಷನ್ಸ್’ ಎಂಬ ರೀಮಿಕ್ಸ್ ಆಲ್ಬಮ್‌ನ ಪ್ರಕರಣ ಅಧ್ಯಯನ

1998ರಲ್ಲಿ ಬರ್ಲಿನ್ನಿನ ಸ್ಟುಡಿಯೋ ಕೆ ಸೆವೆನ್ ಎಂಬ ಲೇಬಲ್‌ನಿಂದ (ಧ್ವನಿಮುದ್ರಿಕೆ ಕಂಪನಿಯಿಂದ) ಎರಡು ಸಿಡಿಗಳ ಒಂದು ಆಲ್ಬಮ್ ಬಂತು. ಹೆಸರು ‘ದಿ ಕೆ ಅಂಡ್ ಡಿ ಸೆಷನ್ಸ್’. ಮಾಡಿದವರು ವಿಯೆನ್ನಾದ ಪೀಟರ್ ಕ್ರೂಡರ್ ಮತ್ತು ರಿಚರ್ಡ್ ಡೋರ್ಫ್‌ಮೈಸ್ಟರ್. ಮೊದಲ ಸಿಡಿಯಲ್ಲಿ 10, ಎರಡನೆಯದರಲ್ಲಿ 11, ಒಟ್ಟು 21 ಟ್ರ್ಯಾಕ್. ಇವುಗಳಲ್ಲಿ ‘ಬೂಗಿ ವೂಗಿ’ ಮತ್ತು ‘ಲೆಕ್ಸಿಕನ್’ ಎರಡು ಮಾತ್ರ ಈ ಜೋಡಿಯ ಹೆಸರಿನಲ್ಲಿವೆ. ಉಳಿದ 19 ಟ್ರ್ಯಾಕ್ ಬೇರೆಯವರ ಹಾಡುಗಳ ರೀಮಿಕ್ಸ್, ಅಂದರೆ ಮೂಲದ ಧ್ವನಿ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟಿದ ರೂಪ. ಆ ಬೇರೆಯವರು 16 ಮಂದಿ ಅಥವಾ ತಂಡಗಳು. ಕೌಂಟ್ ಬೇಸಿಕ್, ರಾಕರ್ಸ್ ಹೈಫೈ ಮತ್ತು ಬಾಂಬ್ ದ ಬೇಸ್ ತಲಾ ಎರಡು ಸಲ ಬರುತ್ತಾರೆ.

ಆ 16ರಲ್ಲಿ ಇಂಗ್ಲೆಂಡಿನ ಸ್ಟೇಡಿಯಂ ಬ್ಯಾಂಡ್ ಡಿಪೆಶ್ ಮೋಡ್ ಇದೆ, ಅಮೆರಿಕದ ಕ್ಲೀವ್‌ಲ್ಯಾಂಡಿನ ರ‍್ಯಾಪ್ ತಂಡ ಬೋನ್ ಥಗ್ಸ್ ಎನ್ ಹಾರ್ಮನಿ ಇದೆ, ಬ್ರಿಸ್ಟಲ್‌ನ ರೋನಿ ಸೈಜ್ ಇದ್ದಾರೆ, ಮ್ಯಾಂಚೆಸ್ಟರಿನ ಲ್ಯಾಂಬ್ ಇದೆ, ವಿಯೆನ್ನಾದ್ದೇ ಆದ ಸೋಫಾ ಸರ್ಫರ್ಸ್ ಇದೆ. ಊರು ಬೇರೆ, ಪ್ರಕಾರ ಬೇರೆ, ಲೇಬಲ್ ಬೇರೆ. ಆದರೂ ಕಣ್ಣು ಮುಚ್ಚಿ ಕೇಳಿದರೆ ಒಂದೇ ಮನೆಯ ಕೋಣೆಗಳಲ್ಲಿ ಓಡಾಡಿದ ಹಾಗಿರುತ್ತದೆ. ಅದು ಹೇಗಾಯಿತು ಎಂಬುದೇ ಈ ಪ್ರಕರಣ. ಬೇರೆಯವರ ಹಾಡುಗಳನ್ನು ಹಿಡಿದು ಆಲ್ಬಮ್ ಕಟ್ಟಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠದ ವಸ್ತು ಸಿಗುವುದು ಕಷ್ಟ.

ಅವಧಾನದಲ್ಲಿ ಸಮಸ್ಯಾಪೂರಣೆ ಎಂಬುದೊಂದು ಇದೆಯಲ್ಲ, ಪೃಚ್ಛಕರು ಒಂದು ಸಾಲು ಕೊಡುತ್ತಾರೆ, ಉಳಿದ ಸಾಲುಗಳನ್ನು ಅವಧಾನಿ ಕಟ್ಟಬೇಕು. ಕೊಟ್ಟ ಸಾಲನ್ನು ಅಲುಗಿಸುವಂತಿಲ್ಲ. ಪದ್ಯ ಮುಗಿದಾಗ ಆ ಸಾಲು ಅಲ್ಲೇ ಹುಟ್ಟಿದ್ದು ಎನ್ನಿಸಬೇಕು. ರೀಮಿಕ್ಸ್ ಕೆಲಸ ಹೆಚ್ಚುಕಡಿಮೆ ಅದೇ. ಕೊಟ್ಟ ಸಾಲು ಗಾಯಕರ ಧ್ವನಿ. ಮಿಕ್ಕ ಪಾದಗಳು ಡ್ರಮ್, ಬೇಸ್, ಎಕೋ ಮತ್ತು ಕಾಲಾವಕಾಶ. ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಗೆದ್ದದ್ದು ಆ ಮಿಕ್ಕ ಪಾದಗಳನ್ನು 19 ಸಲವೂ ತಮ್ಮದೇ ಛಂದಸ್ಸಿನಲ್ಲಿ ಬರೆದದ್ದರಿಂದ.

ಬೀದಿಯ ಹೆಸರು, ಲೇಬಲ್‌ನ ಹೆಸರು

ಇವರ ಲೇಬಲ್ ಜಿ-ಸ್ಟೋನ್. ಹೆಸರು ಬಂದದ್ದು ವಿಯೆನ್ನಾದ ಗ್ರುಂಡ್‌ಸ್ಟೈನ್‌ಗಾಸ್ಸೆ ಎಂಬ ಬೀದಿಯಿಂದ. ಜರ್ಮನ್ನಿನಲ್ಲಿ ಗ್ರುಂಡ್‌ಸ್ಟೈನ್ ಎಂದರೆ ಅಡಿಗಲ್ಲು. ಇವರ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. 1993ರ ಮೊದಲ ಇಪಿ (ಕಿರು ಆಲ್ಬಮ್) ‘ಜಿ-ಸ್ಟೋನ್ಡ್’. ಅದರ ಒಂದು ಟ್ರ್ಯಾಕಿನ ಹೆಸರೇ ‘ಒರಿಜಿನಲ್ ಬೆಡ್‌ರೂಮ್ ರಾಕರ್ಸ್’. 1996ರಲ್ಲಿ ಕೆ ಸೆವೆನ್‌ನ ‘ಡಿಜೆ-ಕಿಕ್ಸ್’ ಸರಣಿಗೆ ಒಂದು ಮಿಕ್ಸ್ ಮಾಡಿಕೊಟ್ಟರು. ಎರಡು ವರ್ಷದ ನಂತರ ‘ಸೆಷನ್ಸ್’.

ಇಲ್ಲಿ ಒಂದು ಮಾತು ಗಮನಿಸಬೇಕು. 19 ರೀಮಿಕ್ಸ್‌ಗಳನ್ನು ಆಲ್ಬಮ್‌ಗೆಂದು ಕೂತು ಒಮ್ಮೆಗೇ ಮಾಡಿದ್ದಲ್ಲ. 90ರ ದಶಕದ ನಡುವಿನ ವರ್ಷಗಳಲ್ಲಿ ಒಂದೊಂದು ಲೇಬಲ್ ಒಂದೊಂದು ಸಿಂಗಲ್‌ಗಾಗಿ ಕೇಳಿದಂತೆ ಮಾಡಿಕೊಟ್ಟವೇ ಹೆಚ್ಚು. ಬಾಂಬ್ ದ ಬೇಸ್‌ನ ‘ಬಗ್ ಪೌಡರ್ ಡಸ್ಟ್’ 1994ರ ಸಿಂಗಲ್, ಬೋನ್ ಥಗ್ಸ್‌ನ ಹಾಡು 1995ರದು, ಡಿಪೆಶ್ ಮೋಡ್‌ನ ‘ಯೂಸ್‌ಲೆಸ್’ 1997ರ ಅಕ್ಟೋಬರ್‌ನದು. ಹಾಗಿದ್ದರೂ ಏಕತೆ ಬಂದಿದೆ ಎಂದರೆ ಅದು ಕೊನೆಯ ಪೋಣಿಸುವಿಕೆಯಿಂದ ಬಂದದ್ದಲ್ಲ, ಪ್ರತಿ ಸಲ ಕೆಲಸಕ್ಕೆ ಕೂತಾಗಿನ ಶಿಸ್ತಿನಿಂದ ಬಂದದ್ದು.

ಜೋಡಿ ಎಂದ ಮಾತ್ರಕ್ಕೆ ಎಲ್ಲವನ್ನೂ ಇಬ್ಬರೂ ಸೇರಿ ಮಾಡಿಲ್ಲ. ರೋನಿ ಸೈಜ್‌ರ ‘ಹೀರೋಸ್’ಗೆ ಇರುವ ಉಪಶೀರ್ಷಿಕೆ ‘ಕ್ರೂಡರ್ಸ್ ಲಾಂಗ್ ಲೂಸ್ ಬೊಸ್ಸಾ ಸೆಷನ್’. ಕೌಂಟ್ ಬೇಸಿಕ್‌ನ ‘ಗಾಟಾ ಜಾಝ್’ ಮತ್ತು ಸೋಫಾ ಸರ್ಫರ್ಸ್‌ನ ‘ಸೋಫಾ ರಾಕರ್ಸ್’ ಡೋರ್ಫ್‌ಮೈಸ್ಟರ್ ಹೆಸರಿನಲ್ಲಿವೆ. ರೈನರ್ ಟ್ರೂಬಿ ಟ್ರಿಯೋದ ‘ಡೊನಾವೆಶಿಂಗೆನ್’ ಕ್ರೂಡರ್ ಒಬ್ಬರದೇ. ಅದರ ರೀಮಿಕ್ಸ್ ಹೆಸರು ‘ಡ್ಯಾನ್ಯೂಬ್ ಹಬೆಹಡಗು ಸಂಚಾರ ಕಂಪನಿಯ ಕಪ್ತಾನನ ಕ್ಯಾಬಿನ್ ರೀಮಿಕ್ಸ್’ ಎಂಬ ಅರ್ಥದ ಒಂದೇ ಜರ್ಮನ್ ಪದ. ಮೂಲ ಹಾಡು ಹೆಸರು ಪಡೆದ ಊರು ಡ್ಯಾನ್ಯೂಬ್ ಹುಟ್ಟುವ ತಾಣವೆಂದು ಹೆಸರಾದದ್ದು, ವಿಯೆನ್ನಾ ಅದೇ ನದಿಯ ಕೆಳದಂಡೆಯ ಊರು. ಮೇಲಿನೂರಿನ ಹಾಡು ಹಡಗು ಹತ್ತಿ ಕೆಳಗಿನೂರಿಗೆ ಬಂದಿದೆ. ಪಂಪನ ಕಾಲದ ಸಮಾಸಗಳನ್ನು ಬಲ್ಲ ಕನ್ನಡಿಗರಿಗೆ ಅಷ್ಟುದ್ದದ ಒಂದು ಪದ ಅಚ್ಚರಿ ತರಲಾರದು.

ಕೈಗೆ ಬರುವುದೇನು

ರೀಮಿಕ್ಸ್ ಕೇಳಿದ ಲೇಬಲ್ ಆಗ ಕಳಿಸುತ್ತಿದ್ದದ್ದು ಒಂದೋ ಧ್ವನಿ, ವಾದ್ಯಗಳು ಬೇರೆಬೇರೆಯಾಗಿರುವ ಮಲ್ಟಿಟ್ರ್ಯಾಕ್ ಟೇಪ್, ಇಲ್ಲವೇ ಗಾಯಕರ ಧ್ವನಿ ಮಾತ್ರ ಇರುವ ಡ್ಯಾಟ್ (ಡಿಜಿಟಲ್) ಟೇಪ್. ಧ್ವನಿ ಮಾತ್ರ ಬಂದಾಗ ಮೊದಲ ತೊಡಕು ತಾಳ ಜಾರುವುದು. ಟೇಪಿನಲ್ಲಿರುವ ಹಾಡಿಗೂ ರೀಮಿಕ್ಸ್ ಮಾಡುವವರ ಸೀಕ್ವೆನ್ಸರ್‌ಗೂ (ಸ್ವರಗಳನ್ನು ಗೊತ್ತುಪಡಿಸಿದ ವೇಗದಲ್ಲಿ ತಾನೇ ನುಡಿಸುವ ಸಾಧನ) ನಡುವೆ ಸಿಂಕ್ ಇರುವುದಿಲ್ಲ. ಮೂಲ ಹಾಡು ನಿಮಿಷಕ್ಕೆ 94.0 ಬೀಟ್ ಇದ್ದು ನಿಮ್ಮ ಸೀಕ್ವೆನ್ಸರ್ 94.1ಕ್ಕೆ ಇದೆಯೆನ್ನಿ. ಎರಡು ಬಾರ್ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಕೇಳಿದರೆ ವ್ಯತ್ಯಾಸ ತಿಳಿಯದು. 64 ಬಾರ್ ಹೋಗುವಷ್ಟರಲ್ಲಿ 174 ಮಿಲಿಸೆಕೆಂಡ್ ಅಂತರ ಬಿದ್ದಿರುತ್ತದೆ. ಆ ವೇಗದಲ್ಲಿ ಬೀಟಿನ ಕಾಲು ಭಾಗ, ಅಂದರೆ ಹದಿನಾರನೇ ಸ್ವರ, 160 ಮಿಲಿಸೆಕೆಂಡ್ ಇರುವುದು. ಒಂದು ಇಡೀ ಸ್ವರದಷ್ಟು ಗಾಯಕ ಹಿಂದೆ ಬಿದ್ದಂತಾಯಿತು.

ಪರಿಹಾರ ಸರಳ, ಆದರೆ ಬೇಸರದ ದುಡಿಮೆ. ಧ್ವನಿಯನ್ನು ಉದ್ದಕ್ಕೆ ಹರಿಯಬಿಡಬಾರದು. ಒಂದೊಂದು ಸಾಲಾಗಿ ಕತ್ತರಿಸಿ, ಪ್ರತಿ ಸಾಲನ್ನೂ ಸ್ಯಾಂಪ್ಲರಿನ (ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರದ) ಒಂದೊಂದು ಕೀಲಿಗೆ ಕೊಟ್ಟು, ಸೀಕ್ವೆನ್ಸರ್‌ನಿಂದ ಸಾಲುಸಾಲಾಗಿ ನುಡಿಸಬೇಕು. ಹಾಗೆ ಮಾಡಿದರೆ ಜಾರುವಿಕೆ ಪ್ರತಿ ಸಾಲಿಗೂ ಸೊನ್ನೆಯಿಂದ ಶುರುವಾಗುತ್ತದೆ. ಈ ಕತ್ತರಿಕೆಯಿಂದ ಇನ್ನೊಂದು ಲಾಭವಿದೆ. ಸಾಲು ಸ್ವತಂತ್ರವಾದ ಮೇಲೆ ಯಾವ ಸಾಲು ಬೇಡ, ಯಾವುದನ್ನು ಎಂಟು ಬಾರ್ ತಡವಾಗಿ ತರಬೇಕು ಎಂಬ ಯೋಚನೆ ತಾನಾಗಿ ಬರುತ್ತದೆ. 90ರ ದಶಕದ ಡೌನ್‌ಟೆಂಪೋ (ನಿಧಾನ ನಡೆಯ) ರೀಮಿಕ್ಸ್‌ಗಳಲ್ಲಿ ಹಾಡಿನ ಪಲ್ಲವಿ ಪೂರ್ತಿ ಬರುವುದೇ ಕಡಿಮೆ. ಅದರಲ್ಲಿ ಅಭಿರುಚಿಯ ಪಾಲು ಎಷ್ಟೋ ಸಲಕರಣೆಯ ಪಾಲೂ ಅಷ್ಟೇ ಇದೆ ಎಂದರೆ ತಪ್ಪಾಗದು.

ಸಲಕರಣೆಯ ಲೆಕ್ಕ ಹೀಗಿತ್ತು. 1988ರಲ್ಲಿ ಬಂದ ಅಕಾಯ್ ಎಸ್1000 ಸ್ಯಾಂಪ್ಲರ್ ಆ ಕಾಲದ ಸ್ಟುಡಿಯೋಗಳ ಬೆನ್ನೆಲುಬು. 16 ಬಿಟ್, 44.1 ಕಿಲೋಹರ್ಟ್ಸ್ ಸ್ಟೀರಿಯೋ. ಮೆಮೊರಿ 2 ಎಂಬಿಯಿಂದ ಶುರು, ಹೆಚ್ಚೆಂದರೆ 32 ಎಂಬಿವರೆಗೆ ಏರಿಸಬಹುದಿತ್ತು. ಸ್ಟೀರಿಯೋದಲ್ಲಿ ಸೆಕೆಂಡಿಗೆ 1,76,400 ಬೈಟ್ ಬೇಕು. ಎಂದರೆ ತುಂಬಿದ 32 ಎಂಬಿಯಲ್ಲಿ ಹಿಡಿಯುವುದು 3 ನಿಮಿಷ 10 ಸೆಕೆಂಡ್, ಮೋನೋ ಆದರೆ ಅದರ ಎರಡರಷ್ಟು. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಎರಡು ಬಾರಿನ ಒಂದು ಸ್ಟೀರಿಯೋ ಲೂಪ್ (ಮತ್ತೆ ಮತ್ತೆ ತಿರುಗುವ ತುಣುಕು) 5.33 ಸೆಕೆಂಡ್, ಸುಮಾರು 0.94 ಎಂಬಿ. ನಾಲ್ಕು ನಿಮಿಷದ ಹಾಡಿನಲ್ಲಿ ಬಾಯಿ ತೆರೆದ ಸಮಯ ಎರಡು ನಿಮಿಷ ಎಂದುಕೊಂಡರೂ ಅದನ್ನು ಮೋನೋದಲ್ಲಿ ತುಂಬಲು 10.6 ಎಂಬಿ, ಮೆಮೊರಿಯ ಮೂರನೇ ಒಂದು ಭಾಗ. ಆದ್ದರಿಂದ ಬೇಕಾದ ಸಾಲನ್ನೇ ಆರಿಸಬೇಕಾಗಿತ್ತು. ಸ್ಯಾಂಪಲ್ ದರವನ್ನು 22.05ಕ್ಕೆ ಇಳಿಸಿದರೆ ಜಾಗ ಇಮ್ಮಡಿ, ಆದರೆ 11 ಕಿಲೋಹರ್ಟ್ಸ್‌ನಿಂದ ಮೇಲಿನದೆಲ್ಲ ಹೋಗುತ್ತದೆ. ಆ ದಶಕದ ಡ್ರಮ್ ಲೂಪ್‌ಗಳಿಗೆ ಹಳೇ ಕಂಬಳಿ ಹೊದೆಸಿದಂಥ ಮಬ್ಬು ಬಣ್ಣ ಬಂದದ್ದರಲ್ಲಿ ಇದಕ್ಕೂ ಪಾಲಿದೆ.

ಈಗ ಕಂಪ್ಯೂಟರಿನಲ್ಲಿ ಮೆಮೊರಿಯ ಚಿಂತೆ ಇಲ್ಲ, ಬದಲಿಗೆ ಬೇರೆ ತಪ್ಪು ನಡೆಯುತ್ತದೆ. 48 ಕಿಲೋಹರ್ಟ್ಸ್‌ನ ಸ್ಟೆಮ್ ಫೈಲನ್ನು (ಧ್ವನಿ ಅಥವಾ ವಾದ್ಯವನ್ನು ಬೇರ್ಪಡಿಸಿ ಕೊಟ್ಟ ಫೈಲ್) 44.1ರ ಪ್ರಾಜೆಕ್ಟಿಗೆ ಬದಲಾಯಿಸದೆ ಎಳೆದು ಹಾಕಿದರೆ ಹಾಡು ಶೇ. 8ರಷ್ಟು ನಿಧಾನವಾಗಿ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಪಕ್ಕದ ಎರಡು ಕೀಲಿಗಳ ಅಂತರ ಒಂದು ಸೆಮಿಟೋನ್) ಇಳಿಯುತ್ತದೆ. ಯಾವ ಶ್ರುತಿಗೂ ಕೂಡದ ಸ್ಥಾನ ಅದು. ಬೇಸ್ ನುಡಿಸಲು ಕೂತಾಗ ಎಲ್ಲಿಯೂ ಹೊಂದದೆ ಅರ್ಧ ದಿನ ಹೋಗುತ್ತದೆ. ಸ್ಟೆಮ್ ಕೇಳುವಾಗಲೇ ಸ್ಯಾಂಪಲ್ ದರ, ಬಿಟ್, ಬಿಪಿಎಂ, ಶ್ರುತಿ ಬರೆದು ಕೊಡಲು ಹೇಳಿ. ಎಲ್ಲ ಫೈಲೂ ಹಾಡಿನ ಮೊದಲ ಬಾರಿನಿಂದಲೇ ಶುರುವಾಗಿರಲಿ. ಧ್ವನಿ ಎಫೆಕ್ಟ್ ಸಹಿತ ಒಂದು, ಬರಿ ಧ್ವನಿ ಒಂದು, ಎರಡೂ ಬೇಕು.

ಬರಿ ಧ್ವನಿ ಯಾಕೆ ಬೇಕೆಂದರೆ ಮೂಲ ಹಾಡಿನ ರಿವರ್ಬ್ (ಕೋಣೆಯ ಅನುರಣನ) ಧ್ವನಿಗೆ ಅಂಟಿಕೊಂಡು ಬಂದರೆ ಅದು ಬೇರೆ ಕೋಣೆಯ ಗಾಳಿ. ನೀವು ಕಟ್ಟಿದ ಡ್ರಮ್ ಇನ್ನೊಂದು ಕೋಣೆಯಲ್ಲಿರುತ್ತದೆ. ವ್ಯಾಕರಣದವರು ಅರಿಸಮಾಸ ಎಂದು ದೋಷ ಎಣಿಸಿದ್ದು ಇಂಥ ಬೆಸುಗೆಯನ್ನೇ: ಎರಡು ಬೇರೆ ಮೂಲದ ಪದಗಳು ಕೂಡಿದ ಜಾಗ ಕಿವಿಗೆ ಚುಚ್ಚುತ್ತದೆ. ರೀಮಿಕ್ಸ್ ಸೋಲುವುದು ಬಹಳ ಸಲ ಬೀಟಿನಿಂದಲ್ಲ, ಈ ಗಾಳಿಯ ವ್ಯತ್ಯಾಸದಿಂದ. ಬರಿ ಧ್ವನಿ ಸಿಗದೇ ಹೋದರೆ ಮೂಲ ರಿವರ್ಬ್‌ನ ಉದ್ದಕ್ಕೆ ಸಮನಾದ ರಿವರ್ಬನ್ನೇ ಸ್ನೇರ್ ಡ್ರಮ್ಮಿಗೂ ಸ್ವಲ್ಪ ಕೊಟ್ಟು ಎಲ್ಲರನ್ನೂ ಅದೇ ಕೋಣೆಗೆ ಕರೆಯಬೇಕು.

ವೇಗ ಮತ್ತು ಶ್ರುತಿ

ಸ್ಯಾಂಪಲ್ಲನ್ನು ನಿಧಾನಗೊಳಿಸಿದರೆ ಶ್ರುತಿಯೂ ಇಳಿಯುತ್ತದೆ. ಟೇಪಿನಲ್ಲೂ ಹಾಗೆಯೇ, ಸ್ಯಾಂಪ್ಲರಿನಲ್ಲೂ ಹಾಗೆಯೇ. 100 ಬಿಪಿಎಂ ಹಾಡನ್ನು 90ಕ್ಕೆ ಇಳಿಸಿದರೆ 1.82 ಸೆಮಿಟೋನ್ ಕೆಳಗೆ ಬೀಳುತ್ತದೆ, ಮತ್ತೆ ಎಲ್ಲಿಯೂ ಕೂಡದ ಸ್ಥಾನ. ಹಾಗಾಗಿ ವೇಗವನ್ನು ಮೊದಲು ನಿಶ್ಚಯಿಸದೆ ಶ್ರುತಿಯ ಮೆಟ್ಟಿಲನ್ನು ಮೊದಲು ನಿಶ್ಚಯಿಸುವುದು ಜಾಣತನ. 100ರಿಂದ ಒಂದು ಸೆಮಿಟೋನ್ ಇಳಿದರೆ 94.4, ಎರಡು ಇಳಿದರೆ 89.1, ಮೂರಾದರೆ 84.1. ಈ ಮೂರರಲ್ಲಿ ಒಂದನ್ನು ಆರಿಸಿ ಇಡೀ ಟ್ರ್ಯಾಕನ್ನು ಅದಕ್ಕೆ ಕಟ್ಟಿದರೆ ಡ್ರಮ್ ಲೂಪ್, ಸ್ಯಾಂಪಲ್ ಮಾಡಿದ ಕೀಬೋರ್ಡ್ ತುಣುಕು, ಧ್ವನಿ ಎಲ್ಲವೂ ಶ್ರುತಿಯಲ್ಲಿರುತ್ತವೆ. ಗಂಡಸಿನ ಧ್ವನಿ ಎರಡು ಸೆಮಿಟೋನ್ ಇಳಿದರೆ ತೂಕ ಬರುತ್ತದೆ, ಮೂರಕ್ಕೆ ನಿದ್ದೆಗಣ್ಣು, ನಾಲ್ಕಕ್ಕೆ ಬಾಯೊಳಗೆ ಬಟ್ಟೆ ತುರುಕಿದಂತೆ.

ಶ್ರುತಿ ಬದಲಾಗದೆ ವೇಗ ಮಾತ್ರ ಬದಲಾಯಿಸುವ ಟೈಮ್‌ಸ್ಟ್ರೆಚ್ ಆಗಲೂ ಇತ್ತು. ಅದು ಧ್ವನಿಯನ್ನು ಸಣ್ಣ ಚೂರು ಮಾಡಿ ಚೂರುಗಳನ್ನು ದ್ವಿಗುಣಿಸುವ ಅಥವಾ ಬಿಡುವ ವಿಧಾನ. ಶೇ. 5ರ ಒಳಗೆ ಕಿವಿಗೆ ಗೊತ್ತಾಗದು. ಶೇ. 10 ದಾಟಿದರೆ ‘ತ’, ‘ಕ’ದಂಥ ವ್ಯಂಜನ ಎರಡೆರಡು ಸಲ ಬಡಿದಂತೆ ಕೇಳಿ, ದೀರ್ಘ ಸ್ವರಗಳಲ್ಲಿ ಗರಗಸದ ಸದ್ದು ಹುಟ್ಟುತ್ತದೆ. ಈಗಿನ ತಂತ್ರಾಂಶಗಳಲ್ಲಿ ಈ ಮಿತಿ ಹಿಗ್ಗಿದೆ, ಹೋಗಿಲ್ಲ.

ಮೂರನೆಯ ದಾರಿಯೇ ಈ ಆಲ್ಬಮ್ಮಿನ ಜೀವಾಳ. ಡ್ರಮ್ ಅಂಡ್ ಬೇಸ್ ಸಂಗೀತ ಸಾಮಾನ್ಯವಾಗಿ 170 ಬಿಪಿಎಂ ಆಸುಪಾಸು ಓಡುತ್ತದೆ. ಅದರ ಅರ್ಧ 85. ಬೇಸ್ 85ರಲ್ಲಿ ನಡೆಯಲಿ, ಡ್ರಮ್ 170ರಲ್ಲಿ ಓಡಲಿ, ತಾಳ ಒಂದೇ. ಕರ್ನಾಟಕ ಸಂಗೀತ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಆದಿತಾಳದ ಮೇಲೆ ವರ್ಣವನ್ನು ಮೊದಲನೇ ಕಾಲದಲ್ಲೂ ಎರಡನೇ ಕಾಲದಲ್ಲೂ ಹಾಡುವುದು ನಮಗೆ ಬಾಲಪಾಠ. ಇಲ್ಲಿ ಎರಡು ಕಾಲಗಳೂ ಏಕಕಾಲಕ್ಕೆ ನಡೆಯುತ್ತವೆ. ಮೊದಲ ಸಿಡಿಯ ಆರಂಭದಲ್ಲೇ ‘ಹೀರೋಸ್’, ಅದರ ಹಿಂದೆ ಅಲೆಕ್ಸ್ ರೀಸ್‌ರ ‘ಜಾಝ್ ಮಾಸ್ಟರ್’. ಎರಡೂ ಡ್ರಮ್ ಅಂಡ್ ಬೇಸ್ ಮನೆತನದವು. ಕೇಳುವವರ ಕಾಲು ಓಟವನ್ನು ಹಿಡಿಯಬಹುದು, ತಲೆ ನಡಿಗೆಯನ್ನು ಹಿಡಿಯಬಹುದು. ಹಾಗೆ ಎರಡು ಕಾಲಗಳ ಒಪ್ಪಂದ ಕಿವಿಗೆ ಕೂತ ಮೇಲೆ ಮುಂದೆ ರಾಕರ್ಸ್ ಹೈಫೈನ ‘ಗೋಯಿಂಗ್ ಅಂಡರ್’ ನಿಜಕ್ಕೂ ನಿಧಾನಕ್ಕೆ ಬಂದರೂ ವೇಗ ತಗ್ಗಿತು ಎಂಬ ಭಾವನೆಯೇ ಬರುವುದಿಲ್ಲ. ಟ್ರ್ಯಾಕ್ ಕ್ರಮದಲ್ಲಿ ಇರುವ ಅತಿ ದೊಡ್ಡ ಜಾಣ್ಮೆ ಇದು.

‘ಯೂಸ್‌ಲೆಸ್’: ಒಂದು ಹಾಡಿನ ಒಳಗೆ

ಬಹಳ ಜನ ಈ ಆಲ್ಬಮ್ಮಿಗೆ ಬಂದದ್ದು ಏಳನೇ ಟ್ರ್ಯಾಕಿನ ಬಾಗಿಲಿನಿಂದ. ‘ಯೂಸ್‌ಲೆಸ್’ ಡಿಪೆಶ್ ಮೋಡ್‌ನ 1997ರ ‘ಅಲ್ಟ್ರಾ’ ಆಲ್ಬಮ್ಮಿನದು. ಅದನ್ನು ಪ್ರೊಡ್ಯೂಸ್ ಮಾಡಿದವರು ಟಿಮ್ ಸಿಮೆನನ್. ಬಾಂಬ್ ದ ಬೇಸ್ ಎಂಬುದು ಅದೇ ಸಿಮೆನನ್ ಅವರ ಹೆಸರು. ಎಂದರೆ ಐದನೇ ಟ್ರ್ಯಾಕ್ ‘ಬಗ್ ಪೌಡರ್ ಡಸ್ಟ್’ ಮತ್ತು ಏಳನೆಯದರ ಮೂಲಗಳ ಹಿಂದೆ ಒಂದೇ ಕೈ ಇದೆ. ತಟ್ಟೆಯ ಮೇಲೆ ಬ್ಯಾಂಡ್‌ಗಳ ಹೆಸರು ಮಾತ್ರ ಓದಿದರೆ ಈ ಎಳೆ ಕಾಣದು.

ಮೂಲದಲ್ಲಿ ಗಿಟಾರಿನ ಗೋಡೆ ಇದೆ, ಅದಕ್ಕೆ ಬೆನ್ನು ಕೊಟ್ಟು ಡೇವ್ ಗಹನ್ ಹಾಡುತ್ತಾರೆ. ರೀಮಿಕ್ಸ್‌ನಲ್ಲಿ ಆ ಗೋಡೆ ಇಲ್ಲ. ಬೇಸ್ ಮತ್ತು ಡ್ರಮ್ ಮುಂದಕ್ಕೆ ಬಂದು, ಮೇಲೆ ಖಾಲಿ ಜಾಗ ಬಿದ್ದು, ಆ ಖಾಲಿಯಲ್ಲಿ ಧ್ವನಿ ಒಂಟಿಯಾಗಿ ನಿಲ್ಲುತ್ತದೆ. ಅಬ್ಬರದ ಒಳಗೆ ಸಿಟ್ಟಿನಂತೆ ಕೇಳುತ್ತಿದ್ದ ಸಾಲುಗಳು ಇಲ್ಲಿ ದಣಿವಿನಂತೆ ಕೇಳುತ್ತವೆ. ಒಂದು ಅಕ್ಷರವನ್ನೂ ಮತ್ತೆ ಹಾಡಿಸದೆ ಭಾವ ಬದಲಾಗಿದೆ. ರೀಮಿಕ್ಸ್ ಎಂಬ ಕಲೆಯ ಪರವಾಗಿ ವಾದಿಸಬೇಕಾದರೆ ಈ ಒಂದು ಟ್ರ್ಯಾಕ್ ಸಾಕು.

ಇದನ್ನು ಅನುಸರಿಸಲು ಹೋದವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಗೋಡೆ ತೆಗೆದ ಮೇಲೆ ಭಯವಾಗಿ ಅಲ್ಲಿ ಪ್ಯಾಡ್ (ಉದ್ದಕ್ಕೆ ಎಳೆದ ಕೀಬೋರ್ಡ್ ಸ್ವರ), ಸ್ಟ್ರಿಂಗ್ಸ್ ತುಂಬುವುದು. ಖಾಲಿಯಿಂದಲೇ ಕೆಲಸ ಆಗಬೇಕಾದ ಜಾಗವದು. ಎರಡು, ಧ್ವನಿಯನ್ನು ಮೂಲದಷ್ಟೇ ಕಂಪ್ರೆಸ್ ಮಾಡಿ ಬಿಡುವುದು. ಗಿಟಾರಿನ ನಡುವೆ ಕೇಳಿಸಲೆಂದು ಹಿಂಡಿದ ಧ್ವನಿ ಖಾಲಿ ಜಾಗದಲ್ಲಿ ಕಿರುಚಿದಂತಾಗುತ್ತದೆ. 3 ಕಿಲೋಹರ್ಟ್ಸ್ ಸುತ್ತ 2ರಿಂದ 3 ಡೆಸಿಬಲ್ ತಗ್ಗಿಸಿದರೆ ಗಾಯಕ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಡಬ್: ತೆಗೆಯುವ ಕಲೆ

ಇವರ ವಿಧಾನದ ಬೇರು ವಿಯೆನ್ನಾದ್ದಲ್ಲ, ಜಮೈಕಾದ್ದು. 70ರ ದಶಕದ ಆರಂಭದಲ್ಲಿ ಕಿಂಗ್‌ಸ್ಟನ್ನಿನ ಕಿಂಗ್ ಟಬ್ಬಿ ಮಿಕ್ಸಿಂಗ್ ಮೇಜನ್ನೇ ವಾದ್ಯವನ್ನಾಗಿ ಬಳಸಿ, ಹಾಡಿನ ಒಂದೊಂದು ಚಾನೆಲ್ ಮುಚ್ಚಿ ತೆರೆದು, ಎಕೋಗೆ ಕಳಿಸಿ, ಡಬ್ ಎಂಬ ರೀತಿಯನ್ನು ಬೆಳೆಸಿದರು. ‘ಸೆಷನ್ಸ್’ನಲ್ಲಿ ‘ಬಗ್ ಪೌಡರ್ ಡಸ್ಟ್’ ಮತ್ತು ‘ಗೋಯಿಂಗ್ ಅಂಡರ್’ ಎರಡೂ ಮೊದಲ ತಟ್ಟೆಯಲ್ಲಿ ಹಾಡಾಗಿ, ಎರಡನೇ ತಟ್ಟೆಯಲ್ಲಿ ಡಬ್ ಆಗಿ ಬರುತ್ತವೆ. ಒಂದೇ ಹಾಡನ್ನು ಎರಡು ಸಲ ಇಟ್ಟದ್ದು ಜಾಗ ತುಂಬಿಸಲು ಎಂದು ಭಾವಿಸಬೇಡಿ. ಜಮೈಕಾದ ಸಿಂಗಲ್‌ಗಳಲ್ಲಿ ಒಂದು ಮಗ್ಗುಲಿಗೆ ಹಾಡು, ಇನ್ನೊಂದು ಮಗ್ಗುಲಿಗೆ ಅದರ ಡಬ್ ಇರುತ್ತಿತ್ತು. ಆ ಕ್ರಮವನ್ನೇ ಇಲ್ಲಿ ಎರಡು ಸಿಡಿಗಳಿಗೆ ಹಿಗ್ಗಿಸಿದಂತಿದೆ.

ಎಕೋ ಹೊಂದಿಸುವ ಲೆಕ್ಕ: 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 90ಕ್ಕೆ 667. ಅದರ ಮುಕ್ಕಾಲು 500, ಅರ್ಧ 333. ಡಬ್‌ನ ತೂಗಾಟ ಇರುವುದು ಮುಕ್ಕಾಲಿನಲ್ಲಿ, ಏಕೆಂದರೆ ಆ ಮಾರ್ದನಿ ಬೀಟಿನ ಮೇಲೆ ಬೀಳದೆ ಸಂದಿನಲ್ಲಿ ಬೀಳುತ್ತದೆ. ಸರಿಯಾಗಿ ಒಂದು ಬೀಟಿಗೆ ಇಟ್ಟರೆ ಮಾರ್ದನಿ ಮುಂದಿನ ಸ್ನೇರ್‌ನ ಕೆಳಗೆ ಹೂತುಹೋಗಿ, ಎಕೋ ಇದ್ದೂ ಇಲ್ಲದಂತೆ.

ಫೀಡ್‌ಬ್ಯಾಕ್ (ಎಕೋಗೆ ಮತ್ತೆ ಮರಳುವ ಸದ್ದಿನ ಪಾಲು) ಶೇ. 70 ಇದ್ದರೆ ಪ್ರತಿ ಮಾರ್ದನಿ 3 ಡೆಸಿಬಲ್ ಇಳಿಯುತ್ತದೆ, ಹತ್ತನೆಯದಕ್ಕೆ 31 ಡೆಸಿಬಲ್ ಕೆಳಗೆ ಹೋಗಿ ಮರೆಯಾಗುತ್ತದೆ. ಶೇ. 90 ಇಟ್ಟರೆ ಹತ್ತನೆಯದೂ ಬರೀ 9 ಡೆಸಿಬಲ್ ಕೆಳಗೆ. ಮುಂದಿನ ಸಾಲು ಬರುವಷ್ಟರಲ್ಲಿ ಹಿಂದಿನದು ಇನ್ನೂ ಅಲ್ಲೇ ಕೂತಿರುತ್ತದೆ. ಕೆಳಸ್ವರಗಳು ಸುತ್ತುಸುತ್ತಿಗೂ ಗುಡ್ಡೆಯಾಗಿ ಮಿಕ್ಸ್ ಕೆಸರಾಗುವುದು ಇಲ್ಲಿಯೇ. ಎಕೋದ ಸುತ್ತಿನ ಒಳಗೆ 250 ಹರ್ಟ್ಸ್‌ಗೆ ಹೈಪಾಸ್ (ಅದರ ಕೆಳಗಿನದನ್ನು ತೆಗೆಯುವ), 3 ಕಿಲೋಹರ್ಟ್ಸ್‌ಗೆ ಲೋಪಾಸ್ (ಅದರ ಮೇಲಿನದನ್ನು ತೆಗೆಯುವ) ಫಿಲ್ಟರ್ ಹಾಕಿದರೆ ಪ್ರತಿ ಸುತ್ತಿಗೂ ಮಾರ್ದನಿ ತೆಳ್ಳಗಾಗಿ ದೂರ ಸರಿಯುತ್ತದೆ. ಎಕೋವನ್ನು ಯಾವಾಗಲೂ ಬಿಟ್ಟಿರಬಾರದು. ಸಾಲಿನ ಕೊನೆಯ ಪದಕ್ಕೆ ಮಾತ್ರ, ಎಕೋಗೆ ಸದ್ದು ಕಳಿಸುವ ಸೆಂಡ್ ಗುಂಡಿಯನ್ನು ಕೈಯಿಂದ ಎತ್ತಿ ಇಳಿಸಬೇಕು. ಮೌಸಿನಿಂದ ಬರೆದ ಆಟೋಮೇಷನ್ನಿಗೂ ಕೈ ತಿರುಗಿಸಿ ರೆಕಾರ್ಡ್ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಎಂಟು ಬಾರ್ ಕೇಳಿದರೆ ತಿಳಿಯುತ್ತದೆ.

ಕೆಳಗಿನ ನೆಲಮಟ್ಟಕ್ಕೂ ನಿಯಮವಿದೆ. ಬೇಸ್‌ನ ಕೆಳ ‘ಇ’ 41 ಹರ್ಟ್ಸ್, ‘ಜಿ’ 49, ‘ಎ’ 55. ಕಿಕ್ ಡ್ರಮ್ಮಿನ ಬಲವೂ 50ರಿಂದ 60ರಲ್ಲೇ. ಎರಡನ್ನೂ ಒಂದೇ ಜಾಗದಲ್ಲಿ ಕೂರಿಸಿದರೆ ಯಾರೂ ಕೇಳಿಸುವುದಿಲ್ಲ. ಡಬ್ ದಾರಿಯಲ್ಲಿ ಬೇಸ್‌ಗೆ ನೆಲ ಬಿಟ್ಟುಕೊಟ್ಟು ಕಿಕ್ ಅನ್ನು 80ರಿಂದ 100ಕ್ಕೆ ಎತ್ತುತ್ತಾರೆ. ಕುಣಿತದ ಹೌಸ್ ಸಂಗೀತದಲ್ಲಿ ತಲೆಕೆಳಗು. ಎಲ್ಲ ಟ್ರ್ಯಾಕಿಗೂ ಒಂದೇ ತೀರ್ಮಾನ ಇಟ್ಟುಕೊಂಡರೆ ಆಲ್ಬಮ್ಮಿಗೆ ಒಂದೇ ನೆಲ ಬರುತ್ತದೆ. ‘ಸೆಷನ್ಸ್’ನ ಏಕತೆಯ ಗುಟ್ಟು ಬಹುಪಾಲು ಇಲ್ಲಿದೆ: ಮೇಲೆ ಯಾರು ಹಾಡಲಿ, ಕೆಳಗೆ ಬೇಸ್ ಯಜಮಾನ.

ಲೂಪ್‌ಗಳ ತೂಗು ಇನ್ನೊಂದು ಸಮಾನ ಅಂಶ. 90 ಬಿಪಿಎಂನಲ್ಲಿ ಎರಡು ಹದಿನಾರನೇ ಸ್ವರಗಳಿಗೆ 333 ಮಿಲಿಸೆಕೆಂಡ್. ಸರಿಪಾಲು ಮಾಡಿದರೆ 167, 167. ಸ್ವಿಂಗ್ (ಜೋಡಿಯಲ್ಲಿ ಮೊದಲ ಸ್ವರಕ್ಕೆ ಸಿಗುವ ಪಾಲು) ಶೇ. 58ಕ್ಕೆ ಇಟ್ಟರೆ 193, 140. ಈ 26 ಮಿಲಿಸೆಕೆಂಡಿನ ತಡವೇ ಸೋಮಾರಿ ನಡಿಗೆಯನ್ನು ಕೊಡುವುದು. ಆದರೆ ಹೊರಗಿನಿಂದ ತಂದ ಡ್ರಮ್ ಲೂಪಿನೊಳಗೆ ಅದರದೇ ಸ್ವಿಂಗ್ ಇರುತ್ತದೆ. ಅದರ ಮೇಲೆ ನೀವು ಬೇರೆ ಪ್ರಮಾಣದ ಹೈಹ್ಯಾಟ್ ಹೊಡೆದರೆ ಎರಡು ಗಡಿಯಾರ ಒಟ್ಟಿಗೆ ಟಿಕ್‌ಟಿಕ್ ಎಂದಂತೆ. ಲೂಪನ್ನು ಹೊಡೆತ ಹೊಡೆತವಾಗಿ ಕತ್ತರಿಸಿ, ಅದರ ಅಂತರಗಳನ್ನೇ ಅಳೆದು, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು.

ಹಕ್ಕು, ಪರವಾನಗಿ

ಸಂಗೀತಕ್ಕಿಂತ ಇಲ್ಲಿ ಹೆಚ್ಚು ಆಲ್ಬಮ್‌ಗಳು ಮುಗ್ಗರಿಸುತ್ತವೆ. ರೀಮಿಕ್ಸ್ ಮಾಡಿದವರಿಗೆ ಸಾಮಾನ್ಯವಾಗಿ ಸಿಗುವುದು ಒಮ್ಮೆ ಕೊಡುವ ಸಂಭಾವನೆ. ರೆಕಾರ್ಡಿಂಗಿನ ಒಡೆತನ ಕೆಲಸ ಕೊಟ್ಟ ಲೇಬಲ್‌ದು, ಸಾಹಿತ್ಯ ಮತ್ತು ರಾಗದ ಒಡೆತನ ಮೂಲ ಬರಹಗಾರರದು. ಬೇಸ್, ಡ್ರಮ್ ಎಲ್ಲ ಹೊಸದಾಗಿ ಕಟ್ಟಿದ್ದರೂ ನಿಮ್ಮ ರೀಮಿಕ್ಸ್‌ಗಳನ್ನು ನಿಮ್ಮದೇ ಆಲ್ಬಮ್ಮಿನಲ್ಲಿ ಹಾಕಲು ನೀವು ಅನುಮತಿ ಪಡೆಯಬೇಕು. ಡಿಪೆಶ್ ಮೋಡ್ ಮ್ಯೂಟ್ ಲೇಬಲ್‌ನಲ್ಲಿ, ರೋನಿ ಸೈಜ್ ಟಾಕಿನ್ ಲೌಡ್‌ನಲ್ಲಿ, ಬೋನ್ ಥಗ್ಸ್ ರೂತ್‌ಲೆಸ್‌ನಲ್ಲಿ, ಲ್ಯಾಂಬ್ ಫಾಂಟಾನಾದಲ್ಲಿ ಇದ್ದ ಕಾಲ. 16 ಕಲಾವಿದರ ಹಾಡುಗಳು ಒಂದೇ ಪೆಟ್ಟಿಗೆಗೆ ಬರಬೇಕಾದರೆ ಎಷ್ಟು ಕಡೆ ಒಪ್ಪಿಗೆ ಬೇಕಾಗುತ್ತದೆ ಎಂದು ಎಣಿಸಿ ನೋಡಿ. ಒಂದು ಲೇಬಲ್ ತಡ ಮಾಡಿದರೆ ಟ್ರ್ಯಾಕ್ ಕ್ರಮವೇ ಮುರಿಯುತ್ತದೆ. ಆದ್ದರಿಂದ ಮೊದಲ ರೀಮಿಕ್ಸ್ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಒಂದು ಸಾಲು ಸೇರಿಸಿಕೊಳ್ಳಬೇಕು: ಇಂತಿಷ್ಟು ತಿಂಗಳ ನಂತರ ಈ ರೀಮಿಕ್ಸನ್ನು ನಮ್ಮ ಸಂಕಲನದಲ್ಲಿ, ಮೊದಲೇ ಗೊತ್ತುಪಡಿಸಿದ ದರಕ್ಕೆ, ಬಳಸುವ ಹಕ್ಕು ನಮಗಿದೆ. ಕೆಲಸ ಮುಗಿದ ಮೇಲೆ ಕೇಳಿದರೆ ದರ ಅವರದು.

ರೀಮಿಕ್ಸ್ ಮಾಡುವವರು ತಾವಾಗಿ ಸೇರಿಸಿದ ಮೂರನೆಯವರ ಸ್ಯಾಂಪಲ್ ಬೇರೆಯೇ ತಲೆನೋವು. ಒಪ್ಪಂದಗಳಲ್ಲಿ ಅದರ ಹೊಣೆ ರೀಮಿಕ್ಸ್ ಮಾಡಿದವರ ಮೇಲೆಯೇ ಬೀಳುತ್ತದೆ.

ನಮ್ಮಲ್ಲಿ ಹಳೆಯ ಚಿತ್ರಗೀತೆಗೆ ಬೀಟ್ ಹಾಕುವವರು ತಿಳಿದಿರಬೇಕಾದ ಮಾತೊಂದು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 31ಸಿ ಕಲಂ ಕವರ್ ಹಾಡಿಗೆ ಶಾಸನಬದ್ಧ ಪರವಾನಗಿ ಕೊಡುತ್ತದೆ. ಅದಕ್ಕೆ ಮೂಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಕನಿಷ್ಠ 50,000 ಪ್ರತಿಗಳ ರಾಯಧನ ಕೊಡಬೇಕು, ಸಾಹಿತ್ಯ ಸಂಗೀತವನ್ನು ತಾಂತ್ರಿಕ ಅಗತ್ಯ ಮೀರಿ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಮತ್ತೆ ಹಾಡಿಸಿ ರೆಕಾರ್ಡ್ ಮಾಡಲು ಇರುವ ದಾರಿ ಅದು. ಮೂಲ ಗಾಯಕರ ಧ್ವನಿಯ ರೆಕಾರ್ಡಿಂಗನ್ನೇ ಬಳಸುವ ರೀಮಿಕ್ಸ್‌ಗೆ ಆ ದಾರಿ ಇಲ್ಲ. ಹಕ್ಕುದಾರ ಆಡಿಯೋ ಕಂಪನಿಯಿಂದ ನೇರ ಒಪ್ಪಿಗೆಯೇ ಬೇಕು.

ಒಂದೇ ಪೆಟ್ಟಿಗೆಗೆ ಸೇರಿಸುವುದು

ಬೇರೆಬೇರೆ ವರ್ಷ ಮಾಡಿದ ಮಿಕ್ಸ್‌ಗಳ ಸದ್ದಿನ ಮಟ್ಟ ಬೇರೆಬೇರೆ. ಎಲ್ಲದರ ಶಿಖರವನ್ನು (ಅತಿ ಜೋರಿನ ಕ್ಷಣದ ಮಟ್ಟವನ್ನು) ಒಂದೇ ಎತ್ತರಕ್ಕೆ ತಂದರೆ ಸಾಕೆಂದು ತಿಳಿಯುವುದು ತಪ್ಪು. ತೆಳುವಾದ ಜಾಝ್ ಟ್ರ್ಯಾಕ್ ಮತ್ತು ದಟ್ಟ ಡಬ್ ಒಂದೇ ಶಿಖರಕ್ಕೆ ಬಂದರೂ ಕಿವಿಗೆ ಸಮ ಅಲ್ಲ. ಮೊದಲು ಧ್ವನಿ ಇರುವ ಟ್ರ್ಯಾಕುಗಳಲ್ಲಿ ಧ್ವನಿಯ ಎತ್ತರ ಸಮ ಮಾಡಿ, ಆಮೇಲೆ ಧ್ವನಿ ಇಲ್ಲದವನ್ನು ಅವುಗಳ ಸ್ನೇರ್‌ಗೆ ಹೊಂದಿಸಬೇಕು. ಅಳತೆಯ ಮೀಟರಿನಲ್ಲಿ ಅಕ್ಕಪಕ್ಕದ ಟ್ರ್ಯಾಕುಗಳು 1 ಡೆಸಿಬಲ್ ಒಳಗಿದ್ದರೆ ಸಾಕು.

ವಿನೈಲ್‌ಗೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ. ಇಷ್ಟು ಬೇಸ್ ಇರುವ ಸಂಗೀತವನ್ನು ತಗ್ಗಿಸದೆ ಕೊರೆಯಲು 12 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ 15 ನಿಮಿಷ ಹಿತ. 20 ದಾಟಿದರೆ ಗೀರುಗಳು ಒತ್ತೊತ್ತಾಗಿ ಮಟ್ಟ ಇಳಿಸಬೇಕಾಗುತ್ತದೆ. ಎರಡು ಗಂಟೆಯ ಸಂಗೀತಕ್ಕೆ ಎಂಟು ಮಗ್ಗುಲು, ನಾಲ್ಕು ತಟ್ಟೆ. ಎಡಬಲ ಬೇಸ್ ವಿರುದ್ಧ ಫೇಸಿನಲ್ಲಿದ್ದರೆ (ಒಂದರ ಅಲೆ ಏರುವಾಗ ಇನ್ನೊಂದರದು ಇಳಿದರೆ) ಗೀರು ಆಳ ಕಳೆದುಕೊಂಡು ಸೂಜಿ ಹಾರುತ್ತದೆ. 120 ಹರ್ಟ್ಸ್‌ನಿಂದ ಕೆಳಗೆ ಎಲ್ಲವನ್ನೂ ಮೋನೋ ಮಾಡಿಯೇ ಕಳಿಸಬೇಕು.

ಆಲ್ಬಮ್ಮಿನ ಮೂರು ಟ್ರ್ಯಾಕ್ ಗಮನಕ್ಕೆ ಅರ್ಹ. ಬೋನ್ ಥಗ್ಸ್‌ರ ರ‍್ಯಾಪ್, ಲ್ಯಾಂಬ್‌ನ ‘ಟ್ರಾನ್ಸ್ ಫ್ಯಾಟಿ ಆಸಿಡ್’, ವಿಲಿಯಂ ಆರ್ಬಿಟ್ ಅವರ ಸ್ಟ್ರೇಂಜ್ ಕಾರ್ಗೋದ ‘ಮಿಲಿಯನ್ ಟೌನ್’. ಈ ಮೂರನ್ನು ಮೂಲ ರೂಪದಲ್ಲಿ ಒಂದರ ಹಿಂದೊಂದು ಹಾಕಿ ಕೇಳಿ, ಆಮೇಲೆ ರೀಮಿಕ್ಸ್‌ಗಳನ್ನು ಅದೇ ಕ್ರಮದಲ್ಲಿ ಕೇಳಿ. ಹೆಡ್‌ಫೋನಿನಲ್ಲಿ ಅಲ್ಲ, 40 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರಿನಲ್ಲಿ. ಅಡಿಗಲ್ಲು ಎಲ್ಲಿದೆ ಎಂದು ಪಾದಕ್ಕೇ ತಿಳಿಯುತ್ತದೆ.

‘ಸೆಷನ್ಸ್’ ನಂತರ ಕ್ರೂಡರ್ 1999ರಲ್ಲಿ ಪೀಸ್ ಆರ್ಕೆಸ್ಟ್ರಾ ಹೆಸರಿನಲ್ಲಿ ಆಲ್ಬಮ್ ಮಾಡಿದರು. ಡೋರ್ಫ್‌ಮೈಸ್ಟರ್ ರೂಪರ್ಟ್ ಹೂಬರ್ ಜೊತೆ ಟೋಸ್ಕಾದಲ್ಲಿ ಮುಂದುವರಿದರು. ಜೋಡಿಯಾಗಿ ತಮ್ಮದೇ ಹಾಡುಗಳ ಪೂರ್ಣ ಆಲ್ಬಮ್ ಹೊರಬಂದದ್ದು 2020ರಲ್ಲಿ. ಅದರ ಹೆಸರು ‘1995’. ಹಳೆಯ ಡ್ಯಾಟ್ ಟೇಪುಗಳಲ್ಲಿ ಉಳಿದಿದ್ದ, ರೀಮಿಕ್ಸ್‌ಗಳ ಭರಾಟೆಯ ಅದೇ ವರ್ಷಗಳ ಕೆಲಸ ಅದು.